ಮಧ್ಯಾಹ್ನದ ಊಟಕ್ಕೆ ಬರುವವರು

ಶಂಕುಬಂದರು
೧೪ ಜೂನ್ ೧೯೭೪

ಪ್ರೀತಿಯ ಅಕ್ಕ,

ಬಂದು ಸೇರಿದೆ. ಮಳೆಯ ಪರದೆಯ ಹಿಂದೆ ಇರುವುದರಿಂದ ಸಮುದ್ರವನ್ನು ಇನ್ನೂ ಸರಿಯಾಗಿ ನೋಡಿಲ್ಲ. ಶಬ್ದ ಮಾತ್ರ ಕೇಳುತ್ತದೆ. ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆಯ ಬಳಿ ಕೇಳುತ್ತದಲ್ಲ, ಹಾಗೆ, ಬಿಡುವಿಲ್ಲದೆ.

ಆಸ್ಪತ್ರೆ ಚಿಕ್ಕದು. ಡಾಕ್ಟರು ಒಬ್ಬರು, ಕಾಂಪೌಂಡರ್ ನಾನೊಬ್ಬ, ಗುಡಿಸುವವಳೊಬ್ಬಳು. ಇಲ್ಲಿಯ ರೋಗಿಗಳ ಬಗ್ಗೆ ಬರೆದರೆ ನೀನು ನಂಬುವುದಿಲ್ಲ. ಮಳವಳ್ಳಿಯಲ್ಲಿ ಔಷಧಿ ಸೀಸೆ ಕೈಗಿಟ್ಟರೆ ಬೆಳಕಿಗೆ ಹಿಡಿದು, "ಇದೇನ್ ಸ್ವಾಮಿ, ಬರೀ ನೀರು!" ಎಂದು ಜಗಳಕ್ಕೆ ಬರುತ್ತಿದ್ದರು. ಇಲ್ಲಿಯವರು ಬರೀ ನೀರು ಕೊಟ್ಟರೂ ನಗುತ್ತ ತೆಗೆದುಕೊಂಡು ಹೋಗುತ್ತಾರೆ. ಮೊನ್ನೆ ಕೆಮ್ಮಿನ ಔಷಧಿ ಮುಗಿದಿತ್ತು, ನೀರನ್ನೇ ಕೊಟ್ಟೆ. ನಿನ್ನೆ ಒಬ್ಬ ಬೆರಳು ಸೀಳಿಕೊಂಡು ಬಂದ. ಹೊಲಿಗೆ ಹಾಕುವಾಗ ಅದು ಪಕ್ಕದ ಮನೆಯವನ ಬೆರಳೋ ಎಂಬಂತೆ ಕುತೂಹಲದಿಂದ ನೋಡುತ್ತ ಕುಳಿತಿದ್ದ.

ಮೇ ತಿಂಗಳ ಕೊನೆಯ ಗಾಳಿಗೆ ಈ ಊರಿನ ಎರಡು ದೋಣಿ ಮುಳುಗಿ, ಇಪ್ಪತ್ತಕ್ಕೂ ಹೆಚ್ಚು ಗಂಡಸರು ಹೋದರಂತೆ. ಅಳುವ ಊರಿಗೆ ಬರುತ್ತಿದ್ದೇನೆಂದು ಎದೆ ಗಟ್ಟಿಮಾಡಿಕೊಂಡು ಬಂದಿದ್ದೆ. ಒಬ್ಬರ ಕಣ್ಣಲ್ಲೂ ನೀರಿಲ್ಲ. ನನ್ನ ಮನೆಯೊಡತಿ ದುಗ್ಗಿಯ ಗಂಡ ಮತ್ತು ಹಿರಿಯ ಮಗ ಆ ದೋಣಿಗಳಲ್ಲಿದ್ದವರು. ಅವಳು ಮಧ್ಯಾಹ್ನ ಹಾಡು ಗುನುಗುತ್ತ ಅಡಿಗೆ ಮಾಡಿ, ತನ್ನ ಎಲೆಯ ಜೊತೆ ಇನ್ನೆರಡು ಎಲೆ ಹಾಕುತ್ತಾಳೆ. ಗಟ್ಟಿ ಹೆಂಗಸು.

ನನ್ನ ಅಡಿಗೆ ನಾನೇ ಮಾಡಿಕೊಳ್ಳುತ್ತಿದ್ದೇನೆ. ನಿನ್ನ ಚಟ್ನಿಪುಡಿಯೇ ಸದ್ಯಕ್ಕೆ ನನ್ನ ಸಂಸಾರ.

ನಿನ್ನ ತಮ್ಮ,
ರಾಮಾನುಜ

* * *

ಮಳವಳ್ಳಿ
೩೦ ಜೂನ್ ೧೯೭೪

ಚಿರಂಜೀವಿ ರಾಮು,

ಚಟ್ನಿಪುಡಿ ಇನ್ನೊಂದು ಡಬ್ಬ ಕಳಿಸಿದ್ದೇನೆ. ನೀರನ್ನು ಔಷಧಿ ಎಂದು ಕೊಡುವುದು ಮೋಸ. ಮೇಷ್ಟ್ರ ಮನೆಯಲ್ಲಿ ಬೆಳೆದವನು ನೀನು, ನೆನಪಿರಲಿ.

ಆ ಎರಡು ಎಲೆಗಳ ವಿಷಯ ಓದಿ ನನಗೆ ಬೇರೆಯೇ ಅನುಮಾನ ಬಂತು. ಒಂದು ಎಲೆ ನಿನಗಿರಬಹುದು. ಇನ್ನೊಂದು ಯಾರಿಗೆ? ಆಕೆಗೆ ಮದುವೆಗಿರುವ ಮಗಳಿದ್ದಾಳೆಯೇ? ಮೂವತ್ನಾಲ್ಕು ವರ್ಷದ ಬ್ರಹ್ಮಚಾರಿ ಬಾಡಿಗೆಗೆ ಬಂದರೆ ಯಾವ ತಾಯಿಗೂ ಆಸೆ ಹುಟ್ಟುತ್ತದೆ. ಮುಚ್ಚುಮರೆ ಬೇಡ, ಬರೆ.

ಇಲ್ಲಿ ವಿಶೇಷವಿಲ್ಲ. ಶಾಲೆ ಶುರುವಾಗಿದೆ. ಹಾಲು ಕೊಡುವ ಚಿಕ್ಕಬೋರಮ್ಮನ ಎಮ್ಮೆ ಕರು ಸತ್ತುಹೋಗಿ, ಎಮ್ಮೆ ಹತ್ತಿರ ಹೋದರೆ ಒದೆಯುತ್ತದೆ. ದಿನಾ ಅರ್ಧ ಪಾವು ಹಾಲು, ಒಂದು ಸೇರು ಬೈಗುಳ ಸಿಗುತ್ತದೆ. ನಿನ್ನ ಕಾಗದ ಓದಿ ಹೇಳಿದೆ. "ಅಳ್ದೆ ಇರೋ ಊರಾ? ಅಂಗಾರೆ ಅಲ್ಲೇನೋ ಐತೆ ಕಣಮ್ಮ, ಸುಮ್ಕೆ ಯಾರ್ ಅಂಗಿರ್ತಾರೆ?" ಎಂದಳು.

ನಿಮ್ಮ ಭಾವನವರು ಹೋಗಿ ಈ ಆಷಾಢಕ್ಕೆ ಎರಡು ವರ್ಷ. ಶ್ರಾದ್ಧಕ್ಕೆ ನೀನು ಬರಬೇಕಾಗಿಲ್ಲ, ದೂರ. ನಾನು ಚೆನ್ನಾಗಿದ್ದೇನೆ. ಮನೆ ನಿಶ್ಶಬ್ದವಾಗಿದೆ. ಮಕ್ಕಳ ಕಾಪಿ ತಿದ್ದಲು ಅನುಕೂಲ.

ಅಕ್ಕ,
ಚೂಡಾಮಣಿ

* * *

ಶಂಕುಬಂದರು
೨೨ ಜುಲೈ ೧೯೭೪

ಪ್ರೀತಿಯ ಅಕ್ಕ,

ದುಗ್ಗಿಗೆ ಮಗಳಿಲ್ಲ. ಆ ಎಲೆಗಳು ನನಗೂ ಅಲ್ಲ. ಚಿಕ್ಕಬೋರಮ್ಮನ ಮಾತು ನಿಜ, ಇಲ್ಲೇನೋ ಇದೆ.

ದೋಣಿಗಳು ಮುಳುಗಿದ ವಾರದಲ್ಲೇ ದಡಕ್ಕೆ ತಗಡಿನ ಡಬ್ಬಗಳು ತೇಲಿಬಂದಿದ್ದವಂತೆ. ಕಸ್ಟಮ್ಸಿನವರು ಅಟ್ಟಿಸಿಕೊಂಡು ಬಂದಾಗ ಯಾವುದೋ ಕಳ್ಳಹಡಗಿನವರು ಎಸೆದ ಸರಕು. ಒಳಗೆ ಬಿಳಿ ಗುಳಿಗೆ. ಜನ ಮೊದಲು ಅದನ್ನು ಇಲಿಪಾಷಾಣವೆಂದುಕೊಂಡು ಹಿತ್ತಲಿಗೆ ಎಸೆದರು. ಕೋಳಿಗಳು ತಿಂದವು. ಸಾಯಲಿಲ್ಲ. ಒಂದರ ಹಿಂದೊಂದು ಸಾಲಾಗಿ, ತಾಲೂಕು ಕಚೇರಿ ಗುಮಾಸ್ತರಂತೆ ನಿಧಾನವಾಗಿ ಊರೆಲ್ಲ ತಿರುಗಿದವಂತೆ. ಆಮೇಲೆ ಎರಡು ದಿನದಿಂದ ನಿದ್ದೆಯಿಲ್ಲದ ಒಬ್ಬ ವಿಧವೆ ನುಂಗಿದಳು. ಆ ಮಧ್ಯಾಹ್ನ ಅವಳ ಗಂಡ ಊಟಕ್ಕೆ ಬಂದ.

ಹೌದು ಅಕ್ಕ, ನೀನು ಸರಿಯಾಗಿಯೇ ಓದಿದೆ. ಈಗ ಊರಿನ ಪ್ರತಿಯೊಂದು ಮನೆಯವರೂ ಬೆಳಿಗ್ಗೆ ಗುಳಿಗೆ ನುಂಗುತ್ತಾರೆ, ಮಧ್ಯಾಹ್ನ ಸತ್ತವರಿಗೆ ಬಡಿಸುತ್ತಾರೆ. ದುಗ್ಗಿಯನ್ನು ಹೆದರಿಕೆಯಾಗುವುದಿಲ್ಲವೇ ಎಂದು ಕೇಳಿದೆ. "ಎಂತ ಹೆದ್ರಿಕೆ ಮಾರಾಯ್ರೆ? ಅವ್ರದ್ದೇ ಮನೆ ಅಲ್ದಾ? ಬತ್ರ್, ಊಟ ಮಾಡ್ತ್ರ್, ಹ್ವಾತ್ರ್" ಎಂದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಎರಡು ಎಲೆಗಳ ಮುಂದೆ ಯಾರೂ ಇರಲಿಲ್ಲ. ಅನ್ನ ಹಾಗೇ ಇತ್ತು. ಆದರೆ ಹೊಸ್ತಿಲಿಂದ ಎಲೆಯವರೆಗೆ ನೆಲ ಒದ್ದೆಯಾಗಿತ್ತು. ಹೆಂಚು ಸೋರುತ್ತದೆ, ಅದೇ ಇರಬೇಕು.

ಡಾಕ್ಟರ ಬಳಿ ಹೇಳಲು ಹೋದೆ. ಅವರು ಮೇಜಿನ ಮೇಲೆ ಇಸ್ಪೀಟು ಹರಡಿಕೊಂಡಿದ್ದರು. "ಸ್ವಲ್ಪ ತಾಳಿ ರಾಮಾನುಜ, ಅಪ್ಪ ಯಾವ ಎಲೆ ಇಳಿಸಬೇಕೆಂದು ಯೋಚಿಸುತ್ತಿದ್ದಾರೆ" ಎಂದರು. ಎದುರಿನ ಕುರ್ಚಿ ಖಾಲಿ.

ಜಿಲ್ಲಾ ಕಚೇರಿಗೆ ಬರೆದಿದ್ದೇನೆ. ನಾಲ್ಕು ಡಬ್ಬ ವಶಪಡಿಸಿಕೊಂಡು ಔಷಧಿ ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದೇನೆ. ನಾನು ಮುಟ್ಟಿಲ್ಲ. ಗಾಬರಿಯಾಗಬೇಡ.

ರಾಮಾನುಜ

* * *

ಮಳವಳ್ಳಿ
೯ ಆಗಸ್ಟ್ ೧೯೭೪

ಚಿ. ರಾಮು,

ಗಾಬರಿಯಾಗಬೇಡ ಎಂದು ಬರೆದರೆ ಆಗಿಹೋಯಿತೇ? ಜಿಲ್ಲಾ ಕಚೇರಿಗೆ ಇನ್ನೊಮ್ಮೆ ಬರೆ. ಉತ್ತರ ಬಾರದಿದ್ದರೆ ರಜೆ ಹಾಕಿ ಬಂದುಬಿಡು. ಸತ್ತವರು ಸತ್ತರು. ಅವರಿಗೆ ವರ್ಷಕ್ಕೊಂದು ದಿನ ಎಲೆ ಹಾಕುವ ಪದ್ಧತಿ ಇದೆ, ಅಷ್ಟು ಸಾಕು. ದಿನಾ ಹಾಕಿದರೆ ಬದುಕಿರುವವರು ಏನು ತಿನ್ನಬೇಕು? ಆ ದುಗ್ಗಿಗೆ ನಾನು ಹೇಳಿದೆನೆಂದು ಹೇಳು.

ಶ್ರಾದ್ಧ ಆಯಿತು. ಬ್ರಾಹ್ಮಣರು ಊಟ ಮಾಡಿ, ಹುಳಿ ಚೆನ್ನಾಗಿತ್ತೆಂದು ಹೇಳಿ ಹೋದರು. ಇವರಿದ್ದಿದ್ದರೆ ಉಪ್ಪು ಮುಂದು ಎನ್ನುತ್ತಿದ್ದರು.

ಇನ್ನೊಂದು ವಿಷಯ. ಬೇರೆ ಊರಲ್ಲಿ ತೀರಿಕೊಂಡವರೂ ಬರುತ್ತಾರೆಯೇ, ಇಲ್ಲ ಆ ಸಮುದ್ರದವರು ಮಾತ್ರವೇ? ಸುಮ್ಮನೆ ಕೇಳಿದೆ. ಇತ್ತೀಚೆಗೆ ನನಗೆ ನಿದ್ದೆ ಕಡಿಮೆ. ಇಲ್ಲಿಯ ಆಸ್ಪತ್ರೆಯವರ ಗುಳಿಗೆ ನಾಟುವುದಿಲ್ಲ. ಯಾವುದಾದರೂ ಒಳ್ಳೆಯದಿದ್ದರೆ ಕಳಿಸು.

ಅಕ್ಕ

* * *

ಶಂಕುಬಂದರು
೩ ಸೆಪ್ಟೆಂಬರ್ ೧೯೭೪

ಅಕ್ಕ,

ಮಳೆ ಬಿಟ್ಟಿದೆ. ಸಮುದ್ರ ಕಾಣುತ್ತಿದೆ. ಇಷ್ಟು ದಿನ ಇದನ್ನು ನೋಡದೆ ಏನು ಬದುಕಿದೆವೋ! ಸಂಜೆ ಊರಿನವರೆಲ್ಲ ದಡದಲ್ಲಿ ಸಾಲಾಗಿ ನಿಂತು ನೀರನ್ನೇ ನೋಡುತ್ತಿರುತ್ತಾರೆ, ಕೊಕ್ಕರೆ ಬೆಳ್ಳೂರಿನ ಹುಣಿಸೆಮರದ ಹಕ್ಕಿಗಳ ಹಾಗೆ. ನಾನೂ ನಿಲ್ಲುತ್ತೇನೆ.

ನಿನಗೆ ನಿದ್ದೆಗೆಂದು ಸಣ್ಣ ಡಬ್ಬದಲ್ಲಿ ಗುಳಿಗೆ ಕಳಿಸಿದ್ದೇನೆ. ಅರ್ಧ ತೆಗೆದುಕೋ, ಸಾಕು. ಕಾಂಪೌಂಡರನಾಗಿ ಪರೀಕ್ಷೆ ಮಾಡಿಯೇ ಕಳಿಸಿರುವುದು. ಏನೂ ಅಪಾಯವಿಲ್ಲ. ಜಿಲ್ಲಾ ಕಚೇರಿಯಿಂದ ಉತ್ತರ ಬಂದಿಲ್ಲ, ಬರಬೇಕೆಂದೂ ಈಗ ಅನ್ನಿಸುವುದಿಲ್ಲ.

ನಿನ್ನ ಚಟ್ನಿಪುಡಿಗೆ ಇಂಗು ಸಾಲದಂತೆ. ಅಮ್ಮ ಹೇಳಿದಳು.

ರಾಮು

* * *

ಮಳವಳ್ಳಿ
೨೦ ಅಕ್ಟೋಬರ್ ೧೯೭೪

ರಾಮು,

ನಿನ್ನ ಕಾಗದ ಬಂದು ಆರು ವಾರವಾದರೂ ಬರೆದಿಲ್ಲ. ಯಾಕೆಂದು ಈಗ ಬರೆಯುತ್ತೇನೆ. ಪೂರ್ತಿ ಓದು.

ನಿನ್ನ ಕಾಗದದ ಕೊನೆಯ ಸಾಲನ್ನು ಅವತ್ತು ಓದಿದೆ. ನಮ್ಮ ಅಮ್ಮ ಹೋಗಿ ಹನ್ನೆರಡು ವರ್ಷವಾಯಿತು, ಕೊಳ್ಳಿ ಇಟ್ಟವನು ನೀನೇ. ಆದರೂ ಆ ಸಾಲು ನನಗೆ ವಿಚಿತ್ರವೆನ್ನಿಸಲಿಲ್ಲ. ಹೌದಲ್ಲ, ಇಂಗು ಕಡಿಮೆಯಾಗಿದೆ ಎಂದುಕೊಂಡು ಅಂಗಡಿಯಿಂದ ತಂದೆ. ಯಾಕೆಂದರೆ ಆ ಹೊತ್ತಿಗೆ ನಿನ್ನ ಡಬ್ಬ ತೆರೆದಿದ್ದೆ.

ಮೊದಲ ಭಾನುವಾರ ಮಧ್ಯಾಹ್ನ ಜಗುಲಿಯಲ್ಲಿ ಇವರು ಚಪ್ಪಲಿ ಬಿಡುವ ಶಬ್ದ ಕೇಳಿತು. ಮೈಸೂರಿಗೆ ಹೋಗಿ ಬರುತ್ತೇನೆಂದು ಹೊರಟವರು ಮದ್ದೂರು ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತಲ್ಲೇ ಪ್ರಾಣ ಬಿಟ್ಟರು. ನಿದ್ದೆ ಮಾಡುತ್ತಿದ್ದಾರೆಂದು ಎರಡು ರೈಲು ಹೋಗುವವರೆಗೂ ಯಾರೂ ಎಬ್ಬಿಸಲಿಲ್ಲ. ಅದು ನಿನಗೆ ಗೊತ್ತೇ ಇದೆ. ಅವತ್ತಿನದೇ ಕೋಟು, ಅದೇ ಕೊಡೆ. ಒಳಗೆ ಬಂದು ಕುಳಿತರು. ಹುಳಿಯನ್ನ ಬಡಿಸಿದೆ. ತಲೆ ಎತ್ತದೆ, "ಉಪ್ಪು ಮುಂದು" ಎಂದರು. ರಾಮು, ನಾನು ಅಡಿಗೆಮನೆಗೆ ಹೋಗಿ ಸಂತೋಷಕ್ಕೆ ಸೆರಗು ಕಚ್ಚಿಕೊಂಡು ಅತ್ತೆ.

ಆಮೇಲೆ ದಿನಾ ಬಂದರು. ಶಾಲೆಗೆ ರಜೆ ಹಾಕಿದೆ. ಬಡಿಸುವುದು, ಎದುರು ಕೂರುವುದು, ಇಷ್ಟೇ. ಹತ್ತಾರು ದಿನ ಕಳೆದ ಮೇಲೆ ಊಟ ಮುಗಿಸಿ ಎದ್ದು, "ರೈಲಿಗೆ ಹೊತ್ತಾಯಿತು, ಹೊರಡು" ಎನ್ನಲು ಶುರುಮಾಡಿದರು. ಕೊನೆಗೊಂದು ದಿನ ಹೊರಟೆ.

ಬಸ್ ಸ್ಟ್ಯಾಂಡಿನಲ್ಲಿ ಚಿಕ್ಕಬೋರಮ್ಮ ಕೈ ಹಿಡಿದು ನಿಲ್ಲಿಸಿದಳು.

"ಎಲ್ಲಿಗ್ ಒಂಟೆ ಅವ್ವ, ಕಾಲ್ಗ್ ಚಪ್ಲಿ ಇಲ್ದೆ?"

"ಇವರ ಜೊತೆ ಮದ್ದೂರಿಗೆ."

"ಯಾರ್ ಜೊತೆ? ನೀನೂ ನಾನೂ ಬುಟ್ರೆ ಇಲ್ಯಾರವ್ರೆ?"

ಪಕ್ಕದಲ್ಲೇ ನಿಂತಿದ್ದಾರೆ ಎಂದು ತೋರಿಸಿದೆ. ಅವಳು ಆ ಕಡೆ ನೋಡಲೂ ಇಲ್ಲ. ನನ್ನನ್ನೇ ನೋಡಿದಳು. "ರೈಲ್ಗ್ ಓಯ್ತಿದ್ಯೋ, ರೈಲಿನ್ ಕೆಳುಕ್ ಓಯ್ತಿದ್ಯೋ?" ಎಂದಳು.

ದರದರನೆ ಮನೆಗೆ ಎಳೆದು ತಂದು, ಡಬ್ಬ ಹುಡುಕಿ, ಗುಳಿಗೆಗಳನ್ನು ಎಮ್ಮೆಗೆಂದು ಹಿತ್ತಲಲ್ಲಿಟ್ಟಿದ್ದ ಬಾನಿಯ ಕಲಗಚ್ಚಿಗೆ ಸುರಿದಳು. ಕರಗಿದ ಮೇಲೆ ಚೆಲ್ಲೋಣವೆಂದು ಬಿಟ್ಟಿದ್ದಾಗ ಎಮ್ಮೆ ಬಂದು ಅದನ್ನು ಕುಡಿದುಬಿಟ್ಟಿತು. ಮಾರನೆಯ ಮಧ್ಯಾಹ್ನ ನನ್ನನ್ನು ಕೊಟ್ಟಿಗೆಗೆ ಕರೆದಳು. ಎಮ್ಮೆ ಒದೆಯದೆ ಶಾಂತವಾಗಿ ನಿಂತಿತ್ತು. ಕರು ಕಟ್ಟುತ್ತಿದ್ದ ಗೂಟದ ಹತ್ತಿರ ಬಗ್ಗಿ ಗಾಳಿಯನ್ನು ನೆಕ್ಕುತ್ತಿತ್ತು. ಕೆಚ್ಚಲಿನಿಂದ ಹಾಲು ತಾನಾಗಿ ಸುರಿದು ಗಂಜಲಕ್ಕೆ ಸೇರುತ್ತಿತ್ತು.

"ನೋಡವ್ವ," ಎಂದಳು ಚಿಕ್ಕಬೋರಮ್ಮ, ಬೈಯದೆ. "ಇಲ್ದೆ ಇರೋ ಕರಕ್ಕೆ ಎಂಗ್ ಆಲ್ ಸುರಿಸ್ತಾವ್ಳೆ. ನೀನೂ ಇಂಗೇ ಇದ್ದೆ."

ನಾನು ಆ ಎಮ್ಮೆಯನ್ನು ನೋಡಲಾರದೆ ಹೊರಗೆ ಬಂದೆ.

ಗುಳಿಗೆ ಬಿಟ್ಟು ಈಗ ಮೂರು ವಾರವಾಯಿತು. ಮಧ್ಯಾಹ್ನಗಳು ಕಷ್ಟ. ಅಲ್ಲಿಂದ ಹೊರಟು ಬಾ. ಬಟ್ಟೆಬರೆ ಬಿಟ್ಟು ಬಾ. ಅಮ್ಮ ನಿನ್ನನ್ನು ಎಲ್ಲಿಗಾದರೂ ಕರೆದರೆ ಹೋಗಬೇಡ.

ಅಕ್ಕ

* * *

ಶಂಕುಬಂದರು
೬ ನವೆಂಬರ್ ೧೯೭೪

ಅಕ್ಕ,

ನಿನ್ನ ಕಾಗದ ಬಂತು. ಅಮ್ಮನಿಗೆ ಓದಿ ಹೇಳಿದೆ, ನಕ್ಕಳು. ಭಾವ ಬಂದದ್ದು ಕೇಳಿ ಸಂತೋಷವಾಯಿತು. ನೀನು ಅವರ ಜೊತೆ ಹೋಗಬೇಕಾಗಿತ್ತು.

ಇಲ್ಲಿ ಎಲ್ಲರೂ ಹೊರಡುವ ಸಡಗರದಲ್ಲಿದ್ದಾರೆ. ದೀಪಾವಳಿ ಅಮಾವಾಸ್ಯೆಯ ಬೆಳಿಗ್ಗೆ. ಮುಳುಗಿದ ದೋಣಿಗಳನ್ನು ದುರಸ್ತಿ ಮಾಡಿ ಆಯಿತೆಂದು ಗಂಡಸರು ಹೇಳಿದ್ದಾರಂತೆ. ದುಗ್ಗಿ ಹೊಸ ಸೀರೆ ಕೊಂಡಿದ್ದಾಳೆ. ಡಾಕ್ಟರು ಮೂರು ದಿನದ ರಜಾ ಅರ್ಜಿ ಬರೆದಿಟ್ಟಿದ್ದಾರೆ, ಶಿಸ್ತಿನ ಮನುಷ್ಯ. ದೂರ ಏನಿಲ್ಲ, ನಡೆದೇ ಹೋಗಬಹುದು, ನೀರು ಬೆಚ್ಚಗಿದೆ ಎಂದು ಅಮ್ಮ ಹೇಳುತ್ತಾಳೆ.

ನನಗೆ ಯಾವ ಚಿಂತೆಯೂ ಇಲ್ಲ.

ರಾಮು

* * *

ತಂತಿ
ಮಳವಳ್ಳಿ, ೧೦ ನವೆಂಬರ್ ೧೯೭೪

ಹೊರಟಿದ್ದೇನೆ. ಬರುವವರೆಗೂ ಮನೆಯಿಂದ ಕದಲಬೇಡ. ಚೂಡಾಮಣಿ

* * *

ಜಿಲ್ಲಾ ಆಸ್ಪತ್ರೆ, ವಾರ್ಡು
೧೮ ಡಿಸೆಂಬರ್ ೧೯೭೪

ಅಕ್ಕ,

ಕೈಬರಹ ನೋಡಿ ನಗಬೇಡ. ಇವತ್ತೇ ಪೆನ್ನು ಹಿಡಿಯಲು ಬಿಟ್ಟಿದ್ದಾರೆ. ಬರುವ ತಿಂಗಳು ಮನೆಗೆ ಕಳಿಸುತ್ತಾರಂತೆ.

ನೀವಿಬ್ಬರೂ ಇಲ್ಲಿಂದ ಹೋದ ಮೇಲಿನ ಸುದ್ದಿ ಬರೆಯುತ್ತೇನೆ. ಪೊಲೀಸರು ಊರೆಲ್ಲ ಅಗೆದು ಡಬ್ಬಗಳನ್ನು ತೆಗೆದುಕೊಂಡು ಹೋದರು. ಅವತ್ತು ನೀರಿಗಿಳಿದವರಲ್ಲಿ ಹೆಚ್ಚಿನವರನ್ನು ಪಕ್ಕದ ಊರಿನ ಬೆಸ್ತರು ದೋಣಿಯಲ್ಲಿ ಬಂದು ಎತ್ತಿದರು. ಎಂಟು ಜನ ಸಿಗಲಿಲ್ಲ. ಡಾಕ್ಟರು ವಾರದ ಮೇಲೆ ಹೊಳೆಯ ಬಾಯಲ್ಲಿ ಸಿಕ್ಕರು. ಇಸ್ಪೀಟು ಜೇಬಿನಲ್ಲೇ ಇತ್ತಂತೆ. ಒಳ್ಳೆಯ ಮನುಷ್ಯ. ಅವರ ರಜಾ ಅರ್ಜಿ ಮಂಜೂರಾಗಿ ನಿನ್ನೆ ಬಂದಿದೆಯೆಂದು ನಮ್ಮ ಆಸ್ಪತ್ರೆಯ ಗುಡಿಸುವವಳು ಬಂದು ಹೇಳಿದಳು. ಅವಳಿಗೆ ನಗು ಬಂತು, ನಗುತ್ತಲೇ ಅತ್ತಳು. ಊರಿನಲ್ಲಿ ಈಗ ಎಲ್ಲರೂ ಹಾಗೇ ಅಂತೆ. ದುಗ್ಗಿ ನನ್ನ ಪಕ್ಕದ ವಾರ್ಡಿನಲ್ಲಿದ್ದಾಳೆ. ಅವಳು ಅಳುವುದು ಗೋಡೆಯಾಚೆಯಿಂದ ಕೇಳುತ್ತದೆ. ಆರು ತಿಂಗಳ ಬಾಕಿ. ಯಾರೂ ಅವಳನ್ನು ಸುಮ್ಮನಿರು ಎನ್ನುವುದಿಲ್ಲ.

ನನಗೆ ಹಬ್ಬದ ಹಿಂದಿನ ದಿನದಿಂದ ಏನೂ ನೆನಪಿಲ್ಲ. ಕಣ್ಣು ಬಿಟ್ಟಾಗ ಮಂಚದ ಮೇಲಿದ್ದೆ, ತಲೆಯ ಒಂದು ಕಡೆ ಕೂದಲು ಕಿತ್ತು ಬಂದಿತ್ತು. ಕೇಳಿದರೆ ಇಲ್ಲಿಯವರು "ಅದು ನಿಮ್ಮ ಊರಿನ ಹೆಂಗಸು" ಎನ್ನುತ್ತಾರೆ, ಅಷ್ಟೇ. ಏನು ನಡೆಯಿತು? ನಾನು ಅಮ್ಮನ ಜೊತೆ ಎಷ್ಟು ದೂರ ಹೋಗಿದ್ದೆ? ಮುಚ್ಚಿಡದೆ ಬರೆ.

ರಾಮು

* * *

ಮಳವಳ್ಳಿ
೫ ಜನವರಿ ೧೯೭೫

ಪ್ರೀತಿಯ ರಾಮು,

ಮುಚ್ಚಿಡದೆ ಬರೆಯುತ್ತೇನೆ.

ಮೈಸೂರಿನಿಂದ ಮಂಗಳೂರು, ಅಲ್ಲಿಂದ ಮತ್ತೆರಡು ಬಸ್ಸು. ಚಿಕ್ಕಬೋರಮ್ಮ ತಾನಾಗಿ ಬಂದಳು. ಎಮ್ಮೆಯನ್ನು ಪೂರಿಗಾಲಿಯ ತಂಗಿಯ ಮನೆಗೆ ಬಿಟ್ಟು ಬಂದಳು. ಘಾಟಿಯುದ್ದಕ್ಕೂ ಕಿಟಕಿಯ ಹೊರಗೆ ತಲೆ ಹಾಕಿ ವಾಂತಿ ಮಾಡಿಕೊಂಡಳು, ನಡುನಡುವೆ ನಿನ್ನನ್ನು ಬೈದಳು.

ಅಕ್ಟೋಬರಿನ ಕಾಗದದಲ್ಲಿ ಒಂದು ವಿಷಯ ಬರೆದಿರಲಿಲ್ಲ. ಗುಳಿಗೆಗಳನ್ನೆಲ್ಲ ಬಾನಿಗೆ ಸುರಿಯುವ ಮೊದಲು ಒಂದನ್ನು ನಾನು ಎತ್ತಿಟ್ಟುಕೊಂಡಿದ್ದೆ. ಕೊನೆಯ ಬಸ್ಸಿನಲ್ಲಿ, ಚಿಕ್ಕಬೋರಮ್ಮ ತೂಕಡಿಸುತ್ತಿದ್ದಾಗ, ಅದನ್ನು ನುಂಗಿದೆ. ನಿನ್ನನ್ನು ಕರೆದುಕೊಂಡು ಹೋಗುವ ಅಮ್ಮ ನನ್ನ ಕಣ್ಣಿಗೂ ಬಿದ್ದರೆ, ಅವಳ ಜೊತೆ ವಾದ ಮಾಡಿ ನಿನ್ನನ್ನು ಬಿಡಿಸಿಕೊಳ್ಳಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾದ ಕಾರಣ ನಿನಗೆ ಹೇಳಬೇಕಾಗಿಲ್ಲ.

ನಾವು ದಡಕ್ಕೆ ಬಂದಾಗ ಬಿಸಿಲು ಏರಿತ್ತು. ಊರಿಗೆ ಊರೇ ಹೊಸಬಟ್ಟೆ ಉಟ್ಟು ನೀರಿಗೆ ಇಳಿಯುತ್ತಿತ್ತು. ಯಾರಿಗೂ ಅವಸರವಿಲ್ಲ, ನೂಕುನುಗ್ಗಲಿಲ್ಲ. ಒಬ್ಬ ಮುದುಕ ಹಿಂದಿನವರಿಗೆ "ನೀವ್ ಮುಂದ್ ಹೋಯ್ನಿ" ಎಂದು ದಾರಿ ಬಿಡುತ್ತಿದ್ದ. ಡಾಕ್ಟರು ಪ್ಯಾಂಟು ಮಡಚಿಕೊಂಡು ಆಗಲೇ ಎದೆಮಟ್ಟದ ನೀರಿನಲ್ಲಿದ್ದರು. ನೀನು ಮೊಣಕಾಲು ಮುಳುಗುವಷ್ಟು ದೂರದಲ್ಲಿದ್ದೆ. ನಾನು ಓಡಿಬಂದು ನಿನ್ನ ತೋಳು ಹಿಡಿದೆ. "ಅಕ್ಕ, ನೀನೂ ಬಂದೆಯಾ? ನೋಡು, ಅಮ್ಮ ನಿನಗೂ ಕೈ ಬೀಸುತ್ತಿದ್ದಾಳೆ" ಎಂದೆ ನೀನು.

ನೋಡಿದೆ. ಅಮ್ಮ ಇರಲಿಲ್ಲ. ಅಲ್ಲಿ ಇವರು ನಿಂತಿದ್ದರು. ಕೋಟು, ಕೊಡೆ. ಅಲೆ ಬಂದು ಹೋದರೂ ಕೋಟು ನೆನೆಯುತ್ತಿರಲಿಲ್ಲ. ನೀನು ಅಮ್ಮ ಎನ್ನುತ್ತೀಯೆ, ನಾನು ಇವರು ಎನ್ನುತ್ತೇನೆ. ಬೆರಳು ಮಾಡಿ ತೋರಿಸಿದ್ದು ಒಂದೇ ಜಾಗ. ಅಕ್ಕತಮ್ಮ ಇಬ್ಬರೂ ಅದೇ ಜಾಗದ ಕಡೆ ಹೆಜ್ಜೆ ಹಾಕಿದೆವು. ನಾನು ನಿನ್ನನ್ನು ಹಿಡಿದಿದ್ದೆನೋ, ನೀನು ನನ್ನನ್ನು ಹಿಡಿದಿದ್ದೆಯೋ, ಆಮೇಲೆ ಗೊತ್ತಾಗಲಿಲ್ಲ.

"ರೈಲಿಗೆ ಹೊತ್ತಾಯಿತು, ಹೊರಡು" ಎಂದರು.

"ಎರಡು ವರ್ಷ ನಾನು ಹೇಗಿದ್ದೆ ಎಂದು ಕೇಳುವುದಿಲ್ಲವೇ?" ಎಂದೆ.

"ಉಪ್ಪು ಮುಂದು" ಎಂದರು.

ರಾಮು, ನೀರು ಸೊಂಟಕ್ಕೆ ಬಂದಿತ್ತು. ಆಗ ನನಗೆ ಹೊಳೆಯಿತು. ಇಷ್ಟು ದಿನ ಬಂದರು, ಇಷ್ಟು ಊಟ ಮಾಡಿದರು, ನಾನು ಮೊದಲು ಕೇಳಿರದ ಒಂದು ಮಾತನ್ನೂ ಆಡಿರಲಿಲ್ಲ. ಇವರ ಬಾಯಿಂದ ಬಂದದ್ದೆಲ್ಲ ನನ್ನೊಳಗೆ ಮೊದಲೇ ಇದ್ದದ್ದು. ಅಷ್ಟು ಹೊತ್ತಿಗೆ ಬೆನ್ನ ಹಿಂದಿನಿಂದ ಒಂದು ಕೂಗು ಕೇಳಿತು.

"ಅಯ್ಯೋ ನಿಮ್ಮ್ ಓದ್ಗೆ ಬೆಂಕಿ ಆಕ! ಅಕ್ಕತಮ್ಮ ಸೇರ್ಕಂಡು ಉಪ್ಪಿನ್ಕಾಯ್ ಆಗಾಕ್ ಬಂದಿದ್ದೀರಾ? ಅಷ್ಟ್ ದೂರದಿಂದ ಕಕ್ಕಂಡ್ ಕಕ್ಕಂಡ್ ಬಂದಿದ್ದು ಇದ್ಕೇನ್ಲಾ?"

ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಹಾಗೆ ಬೈದಿರಲಿಲ್ಲ. ಅಂಥ ಮಾತು ನನ್ನೊಳಗೆ ಹುಟ್ಟುವುದು ಸಾಧ್ಯವೇ ಇರಲಿಲ್ಲ. ತಿರುಗಿದೆ. ಸಮುದ್ರವನ್ನು ಅವತ್ತೇ ಮೊದಲು ನೋಡಿದ ಆ ಹೆಂಗಸು, ಈಜು ಬಾರದವಳು, ಸೀರೆಯನ್ನು ಕಚ್ಚೆ ಕಟ್ಟಿಕೊಂಡು ಅಲೆಗಳನ್ನು ಒದೆಯುತ್ತ ಬರುತ್ತಿದ್ದಳು. ಒಂದು ಕೈಯಲ್ಲಿ ನನ್ನ ಜಡೆ, ಇನ್ನೊಂದರಲ್ಲಿ ನಿನ್ನ ಜುಟ್ಟು. ಹೊಲದಿಂದ ಜೋಡಿ ಎತ್ತು ಹೊಡೆದುಕೊಂಡು ಬರುವ ಹಾಗೆ ಇಬ್ಬರನ್ನೂ ಮರಳಿಗೆ ತಂದು ಕೆಡವಿದಳು. ನೀನು ಅವಳನ್ನು ಕಚ್ಚಿದೆ. ಎರಡು ಬಿಟ್ಟಳು. ಆಮೇಲೆ ನಿನ್ನ ಬೆನ್ನ ಮೇಲೆ ಕುಳಿತು, ಪಕ್ಕದಲ್ಲಿ ಹೋಗುತ್ತಿದ್ದ ದುಗ್ಗಿಯ ಸೀರೆಯ ತುದಿಯನ್ನೂ ಹಿಡಿದುಕೊಂಡು, ಬೆಸ್ತರ ದೋಣಿ ಬರುವವರೆಗೂ ಬಿಡಲಿಲ್ಲ. ಅವಳ ಮಾತು ದುಗ್ಗಿಗೆ ಅರ್ಥವಾಗಲಿಲ್ಲ. ಆದರೂ ನಿಂತು ಕೇಳಿಸಿಕೊಂಡಳು.

ನಾನು ಮತ್ತೆ ನೀರಿನ ಕಡೆ ನೋಡಿದೆ. ಇವರು ಅಲ್ಲೇ ಇದ್ದರು. ಹೋಗಿ ಬನ್ನಿ ಎಂದೆ. ಎರಡು ವರ್ಷದ ಹಿಂದೆ ಇವರು ಹೊರಟ ದಿನ ಅದನ್ನು ಬಾಯಿಬಿಟ್ಟು ಹೇಳಿದ್ದೆನೋ ಇಲ್ಲವೋ ನೆನಪಿಲ್ಲ.

ಇದಿಷ್ಟು. ಈಗ ಮಧ್ಯಾಹ್ನ ಒಬ್ಬಳೇ ಉಣ್ಣುತ್ತೇನೆ. ಕೆಲವು ದಿನ ಸೇರುತ್ತದೆ, ಕೆಲವು ದಿನ ಇಲ್ಲ. ನಿನಗೂ ಹಾಗೇ ಆಗುತ್ತದೆ. ಬಂದ ಮೇಲೆ ಇಬ್ಬರೂ ಕುಳಿತು ಅಮ್ಮನಿಗಾಗಿ ಅಳೋಣ.

ಚಿಕ್ಕಬೋರಮ್ಮ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಿದ್ದಾಳೆ. ಬರೆದದ್ದನ್ನು ಓದಿ ಹೇಳಿದೆ. ತಾನು ಹೊಡೆದದ್ದು ಎರಡಲ್ಲ, ಮೂರು ಎಂದಳು. ನಿನಗೆ ಏನಾದರೂ ಹೇಳಬೇಕೇ ಎಂದು ಕೇಳಿದೆ. ಅವಳ ಮಾತನ್ನು ಹಾಗೇ ಬರೆಯುತ್ತೇನೆ:

"ಬಸ್ಸಿಳ್ದು ನೆಟ್ಗೆ ಮನೆಗ್ ಬಾ. ದಾರೀಲಿ ಯಾರಾರ ಕರುದ್ರೆ, ಉಸ್ರಾಡ್ತಾವ್ರಾ ಅಂತ ಮೊದ್ಲು ನೋಡ್ಲಾ."

ನಿನ್ನ ಅಕ್ಕ,
ಚೂಡಾಮಣಿ